ಅಲೆ ಏಳದ ಜಾಗ

ಕಡಲ ದಂಡೆಯ ಗಾಳಿಮರಗಳ ನಡುವೆ ಒಂದು ಆಶ್ರಮವಿತ್ತು. ಆಶ್ರಮ ಅಂದರೆ ದೊಡ್ಡದೇನಲ್ಲ. ಎರಡು ಸೋಗೆಯ ಗುಡಿಸಲು, ಒಂದು ಸಿಹಿನೀರಿನ ಬಾವಿ, ಅದರ ಪಕ್ಕ ಒಂದು ತುಳಸಿಕಟ್ಟೆ. ಅಲ್ಲಿದ್ದ ಬೊಮ್ಮಯ್ಯ ಗುರುಗಳು ಆ ದಂಡೆಯಲ್ಲೇ ಹುಟ್ಟಿ ಆ ದಂಡೆಯಲ್ಲೇ ಮುದುಕರಾದವರು. ಮಾತು ಕಡಿಮೆ. ಆಡಿದ ಮಾತೂ ಕೇಳಿದವನ ತಲೆಗೆ ಕೂಡಲೇ ಹತ್ತುತ್ತಿರಲಿಲ್ಲ.

ಅವರಿಗೆ ಒಬ್ಬನೇ ಶಿಷ್ಯ, ಸಂಗಮೇಶ. ಕೃಷ್ಣಾ ಹೊಳೆಯ ದಂಡೆಯ ಊರಿನಿಂದ ಬಂದವನು. ಮೈ ಗಟ್ಟಿ, ಹಟ ಅದಕ್ಕಿಂತ ಗಟ್ಟಿ.

ಅವನು ವೇದಾಂತ ಕಲಿಯಲು ಬಂದವನಲ್ಲ. ಒಂದೇ ಒಂದು ಪ್ರಶ್ನೆ ಹೊತ್ತು ಬಂದಿದ್ದ. ಬಂದ ದಿನವೇ ಗುರುಗಳ ಕಾಲಿಗೆ ಬಿದ್ದು ಅದನ್ನು ಕೇಳಿದ್ದ. ಅವನ ಊರ ಕಡೆ ಸ್ವಾಮಿಗಳನ್ನು ಅಜ್ಜಾರು ಅನ್ನುವುದು ರೂಢಿ.

"ಅಜ್ಜಾರ, ನನ್ನ ತಮ್ಮ ಚನ್ನಬಸು ಹೊಳಿ ತುಂಬಿ ಬಂದಾಗೂ ಈ ದಂಡಿಯಿಂದ ಆ ದಂಡಿಗೆ ಈಜಾಂವ. ನನಕಿಂತ ಚಲೋ ಈಜಗಾರ. ಅಂಥಾಂವ ಈ ಕಡಲಾಗ ಯಾಕ ಮುಳುಗಿದ?"

"ಹೇಗೆ ಆಯ್ತು, ಹೇಳು" ಅಂದರು ಗುರುಗಳು.

ಸಂಗಮೇಶ ಹೇಳಿದ. ಅಪ್ಪ ತೀರಿಕೊಂಡ ವರ್ಷ ಅಣ್ಣತಮ್ಮಂದಿರು ಮಹಾಲಯ ಅಮಾವಾಸ್ಯೆಗೆ ಎಳ್ಳುನೀರು ಬಿಡಲು ಕಡಲಿಗೆ ಬಂದಿದ್ದರು. ಇಲ್ಲಿಂದ ತುಸು ತೆಂಕಕ್ಕಿರುವ ಇನ್ನೊಂದು ದಂಡೆಗೆ. ಇಬ್ಬರೂ ಕಡಲು ಕಂಡದ್ದು ಅದೇ ಮೊದಲು. ತಮ್ಮ ಮೊದಲು ನೀರಿಗಿಳಿದ. ಅಣ್ಣ ಬಟ್ಟೆ ಕಾಯುತ್ತ ನಿಂತ. ನೋಡುತ್ತ ನೋಡುತ್ತ ತಮ್ಮ ದೂರ ಹೋಗಿಬಿಟ್ಟಿದ್ದ.

"ನಾ ಎರಡೂ ಕೈ ಬೀಸಿ ಕರದೆ, ಅಜ್ಜಾರ. ಸೀದಾ ಬಾ, ನನ್ನ ಕಡೆ ಬಾ ಅಂತ ಗಂಟಲ ಹರಕೊಂಡೆ. ನೀರಿಗೆ ಬೀಳಾಕ ಹೋದ್ರ ಮಂದಿ ಹಿಡಕೊಂಡ್ರು. ಆಂವ ನನ್ನ ಮಾರಿ ನೋಡಕೋತ ಈಜಿದ. ಈಜಿದ, ಈಜಿದ, ಆಮ್ಯಾಲೆ ಕಾಣಲಿಲ್ಲ."

ಗುರುಗಳು ಅವನ ಎರಡೂ ಕೈಗಳನ್ನು ನೋಡಿದರು. ಅವರ ಮುಖದಲ್ಲಿ ಏನೋ ಬಂದು ಹೋಯಿತು.

"ಇಲ್ಲೇ ಇರು, ತಮ್ಮಾ. ದಿನಾ ಬೆಳಿಗ್ಗೆ ದಂಡೆಯಲ್ಲಿ ಕೂತು ಕಡಲು ನೋಡು."

"ನೋಡಿದ್ರ ಉತ್ತರ ಸಿಗತೈತೇನ್ರಿ?"

"ನೋಡು" ಅಂದರು, ಎದ್ದು ಹೋದರು.

ಸಂಗಮೇಶ ಗುರುವಿನ ಮಾತು ಮೀರುವವನಲ್ಲ. ದಿನಾ ಬೆಳಕು ಹರಿಯುವ ಮೊದಲೇ ಕಡಲಿಗೆ ಮುಖ ಮಾಡಿ ಪದ್ಮಾಸನ ಹಾಕಿ ಕೂರುತ್ತಿದ್ದ. ಕೂತು ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ದಾರಿಹೋಕರು ಅವನನ್ನು ಕಂಡು, ಎಂಥ ಧ್ಯಾನ ಅಂತ ಕೈಮುಗಿದು ಹೋಗುತ್ತಿದ್ದರು. ಧ್ಯಾನವೂ ಇಲ್ಲ, ಗೀನವೂ ಇಲ್ಲ. ಕಡಲನ್ನು ಕಂಡರೆ ಅವನ ಹೊಟ್ಟೆಯಲ್ಲಿ ಬೆಂಕಿ ಏಳುತ್ತಿತ್ತು. ತಮ್ಮನನ್ನು ನುಂಗಿದ್ದನ್ನು ಕಣ್ಣು ಬಿಟ್ಟು ನೋಡುವುದು ಅವನಿಂದ ಆಗುತ್ತಿರಲಿಲ್ಲ. ಹಾಗೆಯೇ ಮಳೆಗಾಲಗಳು ಕಳೆದವು.

ಆಗಾಗ ಗುರುಗಳು ಕೇಳುತ್ತಿದ್ದರು. "ಎಂತ ಕಂಡೆ?"

"ಅಲೆ ಕಂಡೆ."

"ಇನ್ನೂ ನೋಡು."

ಒಮ್ಮೆ ಅವನು ತಾಳ್ಮೆಗೆಟ್ಟ. "ಅಜ್ಜಾರ, ಒಂದ ಮಾತಿನಾಗ ಹೇಳಿಬಿಡ್ರಿ. ನನ್ನ ತಮ್ಮ ಕಡಲಾಗ ಯಾಕ ಮುಳುಗಿದ?"

ಗುರುಗಳು ಬಾವಿಯಿಂದ ನೀರು ಸೇದುತ್ತಿದ್ದರು. ಕೊಡವನ್ನು ಮೇಲೆ ತಂದು ಕಟ್ಟೆಯ ಮೇಲೆ ಇಟ್ಟರು.

"ನಿನ್ನ ತಮ್ಮ ಕಡಲಲ್ಲಿ ಮುಳುಗಲಿಲ್ಲ. ಹೊಳೆಯಲ್ಲಿ ಮುಳುಗಿದ."

ಸಂಗಮೇಶನಿಗೆ ಮೈಯೆಲ್ಲ ಉರಿದುಹೋಯಿತು. ಗುರುಗಳಿಗೆ ಅರಳು ಮರುಳು ಅಂದುಕೊಂಡ. ಹೆಗಲ ಮೇಲೆ ಗಂಟು ಹಾಕಿ ಊರಿಗೆ ಹೊರಟುಬಿಡಬೇಕು ಅಂತಲೂ ಅನ್ನಿಸಿತು. ಆದರೆ ಊರಲ್ಲಿ ಅವ್ವ ಇದ್ದಳು. ಅವಳೂ ಅದೇ ಪ್ರಶ್ನೆ ಕೇಳುವವಳು. ಬರಿಗೈಯಲ್ಲಿ ಅವಳ ಮುಂದೆ ಹೋಗಿ ನಿಲ್ಲುವ ಧೈರ್ಯ ಅವನಿಗೆ ಇರಲಿಲ್ಲ.

ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಘಟ್ಟದ ಮೇಲಿನ ಜನ ಆ ದಂಡೆಗೂ ಬರುತ್ತಿದ್ದರು. ತೀರಿಕೊಂಡ ಹಿರಿಯರಿಗೆ ಎಳ್ಳುನೀರು ಬಿಟ್ಟು ಕಡಲಲ್ಲಿ ಮೂರು ಮುಳುಗು ಹಾಕಿ ಹೋಗುವವರು. ಕಡಲನ್ನು ವರ್ಷಕ್ಕೆ ಒಮ್ಮೆ ಮಾತ್ರ ಕಾಣುವವರು. ಅವರಿಗಾಗಿ ಆಶ್ರಮದವರು ದಂಡೆಯಲ್ಲಿ ಎರಡು ಬಿದಿರಿನ ಗಳ ನೆಡಬೇಕು, ಒಂದೊಂದರ ತುದಿಗೂ ಕಾವಿ ಬಟ್ಟೆ ಕಟ್ಟಬೇಕು. ಆ ಎರಡು ಗಳಗಳ ನಡುವೆ ಇಳಿದರೆ ಮಾತ್ರ ಮುಳುಗು ಹಾಕಬಹುದು ಅನ್ನುವುದು ಅಲ್ಲಿನ ಕಟ್ಟಳೆ. ಮಳೆಗಾಲಕ್ಕೆ ಮರಳು ಸರಿದು ಇಳಿಯುವ ಜಾಗ ವರ್ಷವರ್ಷವೂ ಬದಲಾಗುತ್ತಿತ್ತು. ಅದನ್ನು ಹುಡುಕಿ ಗಳ ನೆಡುವ ಕೆಲಸವನ್ನು ಗುರುಗಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಆ ಸಲ ಅವರ ಮೊಣಕಾಲು ಹಿಡಿದುಕೊಂಡಿತ್ತು. ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಗಳಗಳನ್ನು ಸಂಗಮೇಶನ ಕೈಗೆ ಕೊಟ್ಟರು.

"ಈ ಸಲ ನೀನು ನೆಡು. ಇಷ್ಟು ದಿನ ಕಡಲು ನೋಡಿದ್ದೀಯಲ್ಲ."

ಸಂಗಮೇಶ ದಂಡೆಯಲ್ಲಿ ಅತ್ತಿಂದಿತ್ತ ನಡೆದ. ಮಳೆಗಾಲ ಮುಗಿದಿದ್ದರೂ ಕಡಲಿನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಎಲ್ಲೆಡೆ ಬಿಳಿ ನೊರೆ ಕಾರುವ ಅಲೆ. ಅಲೆಯ ಸದ್ದಿಗೆ ಪಕ್ಕದಲ್ಲಿದ್ದವರ ಮಾತೂ ಕೇಳದು. ಇಲ್ಲಿ ಮುದುಕಿಯರು ಹೇಗೆ ಇಳಿದಾರು, ಮಕ್ಕಳು ಹೇಗೆ ಇಳಿದಾರು ಅಂತ ಅವನಿಗೆ ಚಿಂತೆಯಾಯಿತು.

ಆಗ ಒಂದು ಜಾಗ ಕಣ್ಣಿಗೆ ಬಿತ್ತು. ಎರಡೂ ಪಕ್ಕ ಅಲೆ ಒಡೆಯುತ್ತಿದ್ದರೂ ನಡುವೆ ಒಂದು ಓಣಿಯಷ್ಟು ಅಗಲಕ್ಕೆ ನೀರು ಸುಮ್ಮನಿತ್ತು. ಅಲ್ಲಿ ಅಲೆ ಏಳುತ್ತಿರಲಿಲ್ಲ. ನೀರಿನ ಬಣ್ಣ ತುಸು ಕಪ್ಪು. ಊರ ಕೆರೆಯ ಹಾಗೆ ಸಮಾಧಾನವಾಗಿತ್ತು.

ಅವನ ಮನಸ್ಸು ತಣ್ಣಗಾಯಿತು. ಎರಡೂ ಗಳಗಳನ್ನು ಅಲ್ಲೇ ಆಳವಾಗಿ ನೆಟ್ಟು, ಗುರುಗಳನ್ನು ಕರೆದುಕೊಂಡು ಬಂದ.

ಗುರುಗಳು ಬರುವಾಗ ಮರುದಿನದ ಪೂಜೆಗೆ ಇಟ್ಟಿದ್ದ ಎರಡು ತೆಂಗಿನಕಾಯಿಗಳನ್ನು, ಸಿಪ್ಪೆ ಸುಲಿಯದವನ್ನು, ಎತ್ತಿಕೊಂಡು ಬಂದಿದ್ದರು. ಗಳಗಳನ್ನು ನೋಡಿದರು, ನೀರನ್ನು ನೋಡಿದರು.

"ಇಲ್ಲೇ ಯಾಕೆ?"

"ಇಲ್ಲಿ ನೀರು ಶಾಂತ ಐತ್ರಿ. ಉಳಿದ ಕಡೆ ಕಡಲು ಹೊಡಿಯಾಕ ಬರತೈತಿ."

ಗುರುಗಳು ಒಂದು ಕಾಯಿಯನ್ನು ಪಕ್ಕದ ಒಡೆಯುವ ಅಲೆಗೆ ಎಸೆದರು. ಅಲೆ ಅದನ್ನು ಎತ್ತಿ ಕುಕ್ಕಿತು, ಉರುಳಿಸಿತು. ಸ್ವಲ್ಪ ಹೊತ್ತಿಗೆ ಕಾಯಿ ಅವರ ಕಾಲ ಬಳಿ ಬಂದು ನಿಂತಿತು.

ಇನ್ನೊಂದನ್ನು ಶಾಂತ ನೀರಿಗೆ ಎಸೆದರು. ಅದು ತೇಲಿತು. ಯಾರೂ ನೂಕದೆ, ಯಾರೂ ಎಳೆಯದೆ, ಮೆಲ್ಲಗೆ ಕಡಲ ಕಡೆ ಹೊರಟಿತು. ಹೋಗುತ್ತ ಹೋಗುತ್ತ ಅದರ ವೇಗ ಹೆಚ್ಚಿತು.

"ಹೊಡೆಯುವ ನೀರು ತಂದು ಬಿಡ್ತದೆ. ಸುಮ್ಮನಿರುವ ನೀರು ಕೊಂಡುಹೋಗ್ತದೆ" ಅಂದರು ಗುರುಗಳು. "ನೀನು ಕಣ್ಣು ಬಿಟ್ಟೇ ಇಲ್ಲ, ತಮ್ಮಾ."

ಸಂಗಮೇಶ ಆ ಕಾಯಿಯನ್ನೇ ನೋಡುತ್ತಿದ್ದ. ಅಂದು ತಮ್ಮ ಇಳಿದದ್ದೂ ಇಂಥದ್ದೇ ಜಾಗ. ಇಲ್ಲಿ ಕೆರೆ ಇದ್ದಂಗ ಐತಿ ನೋಡೋ ಅಣ್ಣಾ ಅಂತ ನಗುತ್ತ ಇಳಿದಿದ್ದ. ಅದು ಈಗ ನೆನಪಾಯಿತು.

ಅವನು ಮೇಲಿನ ಬಟ್ಟೆ ತೆಗೆದು ಮರಳಿಗೆ ಎಸೆದ.

"ಎಂತ ಮಾಡ್ತೀ?"

"ಆ ಕಾಯಿ ತರತೀನ್ರಿ. ಕಾಯಿಗೆ ಕೈ ಇಲ್ಲ, ಹೋತು. ನನಗ ಕೈ ಅದಾವು. ಆ ನೀರಾಗ ಏನೈತಿ ಅಂತ ನಾನೂ ನೋಡಬೇಕು."

"ಬೇಡ. ಹೋಗಬೇಡ."

ಗುರುಗಳು ಅವನಿಗೆ ಯಾವುದನ್ನೂ ಬೇಡ ಅಂದವರಲ್ಲ. ಅದೇ ಮೊದಲ ಸಲ. ಆದರೆ ಸಂಗಮೇಶನ ಕಿವಿಗೆ ಅದು ಬೀಳಲಿಲ್ಲ, ಬಿದ್ದರೂ ಒಳಗೆ ಇಳಿಯಲಿಲ್ಲ. ಅವನು ಶಾಂತ ನೀರಿಗೆ ಇಳಿದುಬಿಟ್ಟಿದ್ದ.

ಮೊದಮೊದಲು ಅದು ಎಷ್ಟು ಸುಲಭ ಅನ್ನಿಸಿತು. ಒಂದು ಕೈ ಹಾಕಿದರೆ ನಾಲ್ಕು ಕೈಯಷ್ಟು ದೂರ ಹೋಗುತ್ತಿದ್ದ. ಕೃಷ್ಣೆಯಲ್ಲೂ ಇಷ್ಟು ಹಗುರಾಗಿ ಈಜಿದ್ದಿಲ್ಲ. ಕಾಯಿ ಕೈಗೆ ಸಿಕ್ಕಿತು. ಅದನ್ನು ಕಂಕುಳಲ್ಲಿ ಅವುಚಿಕೊಂಡು ದಂಡೆಯ ಕಡೆ ತಿರುಗಿದ.

ದಂಡೆ ಎಲ್ಲಿಯೋ ಇತ್ತು. ಗುರುಗಳು ಬೆರಳಿನಷ್ಟು ಕಾಣುತ್ತಿದ್ದರು.

ಅವನು ಈಜಿದ. ದಂಡೆ ಹತ್ತಿರವಾಗಲಿಲ್ಲ. ಇನ್ನೂ ಜೋರಾಗಿ ಈಜಿದ. ದಂಡೆ ಇನ್ನೂ ಹಿಂದಕ್ಕೆ ಹೋಯಿತು. ಬಾಯಿಗೆ ಉಪ್ಪುನೀರು ನುಗ್ಗಿತು. ತೋಳು ಕಲ್ಲಾದವು. ಅವನಿಗೆ ಹೆದರಿಕೆಯಾಯಿತು. ಸಾಯುವ ಹೆದರಿಕೆ.

ಅವನ ಕಣ್ಣೆಲ್ಲ ಗುರುಗಳ ಮೇಲೆ. ಅವರೊಮ್ಮೆ ಕೈ ಎತ್ತಿ ಕರೆದರೆ ಸಾಕು, ಎಲ್ಲಿಂದಾದರೂ ಬಲ ಬಂದೀತು, ಹೇಗಾದರೂ ಅವರ ಕಾಲ ಬಳಿಗೆ ಹೋಗಿ ಬಿದ್ದೇನು ಅನ್ನಿಸಿತು.

ಗುರುಗಳು ಕೈ ಎತ್ತಲಿಲ್ಲ. ಒಂದು ಗಳವನ್ನು ಎರಡೂ ಕೈಯಿಂದ ಹಿಡಿದು ಕಿತ್ತರು. ತನ್ನ ಕಡೆ ಚಾಚುತ್ತಾರೆ ಅಂದುಕೊಂಡ ಸಂಗಮೇಶ. ಅವರು ಚಾಚಲಿಲ್ಲ. ಗಳವನ್ನು ಎತ್ತರಕ್ಕೆ ಹಿಡಿದುಕೊಂಡು, ಅವನತ್ತ ನೋಡುವುದನ್ನೂ ಬಿಟ್ಟು, ದಂಡೆಯಗುಂಟ ಬಡಗಲ ದಿಕ್ಕಿಗೆ ಕುಂಟುತ್ತ ನಡೆದುಬಿಟ್ಟರು.

ಸಾಯುತ್ತಿರುವವನನ್ನು ಬಿಟ್ಟು ಹೋದರಲ್ಲ. ಅವನಿಗೆ ಸಿಟ್ಟು ಬಂತು. ಆಮೇಲೆ ಸಿಟ್ಟಿಗೂ ಶಕ್ತಿ ಉಳಿಯಲಿಲ್ಲ. ಕೈಕಾಲು ಆಡಿಸುವುದನ್ನು ನಿಲ್ಲಿಸಿದ. ಕಾಯಿಯನ್ನು ಎದೆಗೆ ಅವುಚಿ ಅಂಗಾತ ಬಿದ್ದುಕೊಂಡ. ಮುಳುಗಿದರೆ ಮುಳುಗಲಿ.

ಅವನು ಮುಳುಗಲಿಲ್ಲ.

ನೀರು ಅವನನ್ನು ಕೆಳಕ್ಕೆ ಎಳೆಯಲಿಲ್ಲ. ಬರೀ ಹೊತ್ತುಕೊಂಡು ಹೋಗುತ್ತಿತ್ತು, ಅಷ್ಟೆ. ಮೂಗು ಮೇಲಿತ್ತು. ಉಸಿರು ಬರುತ್ತಿತ್ತು. ಇಷ್ಟು ಹೊತ್ತು ಅವನನ್ನು ಮುಳುಗಿಸುತ್ತಿದ್ದದ್ದು ಅವನದೇ ದಣಿವು.

ಉಸಿರು ತಹಬಂದಿಗೆ ಬಂದ ಮೇಲೆ ಪಕ್ಕಕ್ಕೆ ಕಣ್ಣು ಹಾಯಿಸಿದ. ಅವನ ಸುತ್ತಲಿನ ನೊರೆ, ಕಸ, ಒಣಗಿದ ಗಾಳಿಮರದ ಎಲೆ ಎಲ್ಲವೂ ಅವನ ಜೊತೆಯಲ್ಲೇ ಕಡಲಿಗೆ ಹೋಗುತ್ತಿದ್ದವು. ಆದರೆ ತುಸು ಆಚೆ, ಬಿಳಿ ಅಲೆ ಒಡೆಯುವಲ್ಲಿ, ನೊರೆ ದಂಡೆಯ ಕಡೆ ಓಡುತ್ತಿತ್ತು. ಒಂದೇ ಕಡಲು, ಎರಡು ನೀರು.

ಇದನ್ನು ಅವನು ಎಲ್ಲೋ ಕಂಡಿದ್ದ. ಕಂಡದ್ದೇನು, ಹುಟ್ಟಿದಂದಿನಿಂದ ಬಲ್ಲ. ತುಂಬಿದ ಕೃಷ್ಣೆಯ ನಡುನೀರು ಹೀಗೇ ಕಸಕಡ್ಡಿ ಹೊತ್ತು ಓಡುತ್ತಿತ್ತು. ಅಪ್ಪ ಅಣ್ಣತಮ್ಮಂದಿರಿಬ್ಬರನ್ನೂ ಹೊಳೆಗೆ ಇಳಿಸಿ ಈಜು ಕಲಿಸುವಾಗ ಹೇಳಿದ್ದ. ಸೆಳವಿಗೆ ಎದುರು ಬೀಳಬ್ಯಾಡ್ರಿ, ಅಡ್ಡ ಹೊಡೀರಿ, ದಂಡಿ ಸಿಗತೈತಿ.

ಹೊಳೆ. ಇದು ಹೊಳೆ. ಅಲೆಗಳು ದಂಡೆಗೆ ತಂದು ಸುರಿದ ನೀರು ಮರಳಿ ಹೋಗಲು ಮಾಡಿಕೊಂಡ ದಾರಿ. ಕಡಲಿನೊಳಗೆ ಹರಿಯುವ ಹೊಳೆ.

ಮತ್ತೆ ಇದರ ದಂಡೆ ಯಾವುದು?

ಅವನು ಕತ್ತೆತ್ತಿ ನೋಡಿದ. ದೂರದಲ್ಲಿ ಕಾವಿ ಬಟ್ಟೆ ಬಡಗಲಿಗೆ ಹೋಗುತ್ತಲೇ ಇತ್ತು. ಒಮ್ಮೆ ನಿಂತಿತು, ಮೇಲಕ್ಕೆ ಎದ್ದಿತು, ಮತ್ತೆ ಮುಂದೆ ಹೋಯಿತು. ಬಿಳಿ ಅಲೆ ಒಡೆಯುವ ಕಡೆಗೆ.

ಸಂಗಮೇಶ ದಂಡೆಯ ಆಸೆ ಬಿಟ್ಟ. ಮರಳಿನ ಕಡೆ ನೋಡಲೇ ಇಲ್ಲ. ಆ ಬಟ್ಟೆ ಹೋದ ದಿಕ್ಕಿಗೆ, ಪಕ್ಕಕ್ಕೆ, ಒಂದು ಕೈಯಲ್ಲಿ ಕಾಯಿ ಹಿಡಿದು ಇನ್ನೊಂದು ಕೈಯಲ್ಲಿ ಮೆಲ್ಲಗೆ ಈಜತೊಡಗಿದ. ದಣಿದಾಗ ಸುಮ್ಮನೆ ತೇಲಿದ. ಮತ್ತೆ ಈಜಿದ.

ಸ್ವಲ್ಪ ಹೊತ್ತಿನಲ್ಲಿ ಸೆಳೆತ ಸಡಿಲವಾಯಿತು. ಹಿಂದಿನಿಂದ ಒಂದು ಅಲೆ ಬಂದು ಅವನ ಬೆನ್ನಿಗೆ ಗುದ್ದಿ ಮುಂದಕ್ಕೆ ತಳ್ಳಿತು. ಇನ್ನೊಂದು ಬಂತು. ಮತ್ತೊಂದು ಬಂತು. ಅವನು ಹೆದರುತ್ತಿದ್ದ, ಬೈಯುತ್ತಿದ್ದ ಆ ಅಲೆಗಳೇ ಅವನನ್ನು ಎತ್ತಿ, ಕುಕ್ಕಿ, ಉರುಳಿಸಿ ಮರಳಿನ ಮೇಲೆ ತಂದು ಹಾಕಿದವು.

ಕಣ್ಣು ತೆರೆದಾಗ ಎದುರಿಗೆ ಗಳ ನೆಟ್ಟಿತ್ತು. ಅದರ ಬುಡಕ್ಕೆ ಆನಿಕೊಂಡು ಗುರುಗಳು ಕೂತಿದ್ದರು. ಅವರಿಗೂ ಏದುಸಿರು.

ಅವರು ಎದ್ದು ಬಂದು ಹೆಗಲ ವಸ್ತ್ರದಿಂದ ಅವನ ತಲೆ ಒರೆಸಿದರು. ಅವನು ಕುಡಿದ ಉಪ್ಪುನೀರನ್ನೆಲ್ಲ ಕಾರಿಕೊಳ್ಳುವವರೆಗೆ ಬೆನ್ನು ಸವರಿದರು. ಬಹಳ ಹೊತ್ತಾದ ಮೇಲೆ ಸಂಗಮೇಶನಿಗೆ ಮಾತು ಬಂತು.

"ಅಜ್ಜಾರ, ನಾ ಸಾಯಾಕ ಹತ್ತಿದ್ದೆ. ಒಮ್ಮೆರ ಯಾಕ ಕರೀಲಿಲ್ರಿ?"

"ಕರೆದಿದ್ದರೆ ಎಲ್ಲಿಗೆ ಬರ್ತಿದ್ದೆ?"

"ನಿಮ್ಮ ಕಡೆಗೆ ಬರತಿದ್ದೆ. ಸೀದಾ ನಿಮ್ಮ..."

ಮಾತು ಅಲ್ಲೇ ನಿಂತಿತು.

ಅಲೆ ಒಡೆಯುತ್ತಿತ್ತು. ಸಂಗಮೇಶ ತನ್ನ ಎರಡೂ ಕೈಗಳನ್ನು ಎದುರಿಗೆ ಹಿಡಿದು ನೋಡಿಕೊಂಡ. ಈ ಕೈಗಳನ್ನು ಬೀಸಿ ತಮ್ಮನನ್ನು ಕರೆದಿದ್ದ. ಸೀದಾ ಬಾ ಅಂದಿದ್ದ. ಅಡ್ಡ ಹೊಡೆಯುವುದನ್ನು ಬಲ್ಲ ಹುಡುಗ, ಅಪ್ಪನ ಮಾತು ಮರೆತು, ಅಣ್ಣನ ಮುಖ ನೋಡುತ್ತ ಸೀದಾ ಈಜಿದ್ದ. ತೋಳು ಸೋಲುವವರೆಗೂ ಅಣ್ಣನ ಮಾತು ಮೀರಿರಲಿಲ್ಲ.

"ನಾ ಕರದೆ ಅಂತನ..." ಅಂದ. ಆಮೇಲೆ ಮರಳಿಗೆ ಹಣೆ ಹಚ್ಚಿ ಅತ್ತುಬಿಟ್ಟ. ತಮ್ಮ ಸತ್ತ ದಿನವೂ ಅವನು ಹಾಗೆ ಅತ್ತಿರಲಿಲ್ಲ. ಕಡಲಿನ ಮೇಲೆ ಇಷ್ಟು ದಿನ ಇಟ್ಟಿದ್ದ ಸಿಟ್ಟಿಗೆ ಈಗ ಜಾಗವಿರಲಿಲ್ಲ. ಅದು ತಿರುಗಿ ಅವನ ಮೇಲೆಯೇ ಬಂದು ಬಿದ್ದಿತ್ತು.

ಗುರುಗಳು ಅವನನ್ನು ಅಳಲು ಬಿಟ್ಟರು.

"ನಿಮಗ ಮೊದಲನೇ ದಿನಾನ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಅವತ್ತು ಹೇಳಿದ್ದರೆ ಅದನ್ನು ಹೊತ್ತುಕೊಂಡು ನೀನೂ ಕಡಲಿಗೇ ಹೋಗ್ತಿದ್ದೆ."

ಸಂಗಮೇಶ ತಲೆ ಎತ್ತಲಿಲ್ಲ. "ನನ್ನ ಕೈ ಕಡಿದು ಹಾಕಬೇಕು, ಅಜ್ಜಾರ."

ಗುರುಗಳು ತಮ್ಮ ಅಂಗೈಗಳನ್ನು ಅವನ ಮುಂದೆ ಬಿಚ್ಚಿದರು. ಎರಡೂ ಅಂಗೈಯಲ್ಲಿ ಬಿದಿರಿನ ಸಿಬಿರು ಚುಚ್ಚಿ ರಕ್ತ ಒಸರುತ್ತಿತ್ತು. ಅಷ್ಟು ಬಿಗಿಯಾಗಿ ಹಿಡಿದಿದ್ದರು.

"ನನ್ನ ಕೈಯೂ ಏಳಲಿಕ್ಕೆ ಹೊರಟಿತ್ತು, ತಮ್ಮಾ. ನೀನು ನೀರಲ್ಲಿ ಕೈ ಬಡಿಯುವುದನ್ನು ಕಂಡಾಗ ಬಾ ಅಂತ ಬೀಸಲಿಕ್ಕೆ ಎರಡೂ ಕೈ ತುಡಿದವು. ಒಬ್ಬರ ಮೇಲೆ ಜೀವ ಇಟ್ಟುಕೊಂಡವರ ಕೈ ಏಳದೆ ಇರ್ತದಾ? ಏಳಬಾರದು ಅಂತಲೇ ಗಳ ಹಿಡಕೊಂಡೆ. ನನಗೆ ಗೊತ್ತಿತ್ತು, ಹಿಡಕೊಂಡೆ. ನಿನಗೆ ಗೊತ್ತಿರಲಿಲ್ಲ."

ಸಂಗಮೇಶ ಆ ಅಂಗೈಗಳನ್ನು ತನ್ನ ಕಣ್ಣಿಗೆ ಒತ್ತಿಕೊಂಡ. ಉಪ್ಪುನೀರಿಗೆ ಗಾಯ ಉರಿದಿರಬೇಕು. ಗುರುಗಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಹೊತ್ತು ಇಳಿಯುತ್ತಿತ್ತು. ಗಾಳಿಮರಗಳ ಆಚೆ ಗದ್ದಲ ಕೇಳಿಸಿತು. ಘಟ್ಟದ ಮೇಲಿನವರ ಮೊದಲ ಗುಂಪು ಬಂದು ಇಳಿದಿತ್ತು. ಹೆಂಗಸರು ಗಂಟುಗಳನ್ನು ಇಳಿಸುತ್ತಿದ್ದರು. ಗಂಡಸರು ಅವುಗಳೊಳಗೆ ಅಮಾವಾಸ್ಯೆಯ ಎಳ್ಳು, ದರ್ಭೆ ಹುಡುಕುತ್ತಿದ್ದರು. ಕಡಲು ಕಂಡ ಮಕ್ಕಳಿಗೆ ಮಾತ್ರ ತಡೆಯಲಾಗಿರಲಿಲ್ಲ. ಲಂಗ ಎತ್ತಿ ಹಿಡಿದು, ಚಡ್ಡಿ ಮಡಿಸಿ, ಮರಳಿಗೆ ಇಳಿದಾಗಿತ್ತು.

"ಅವ್ವಗ ಏನಂತ ಹೇಳ್ಲಿ?" ಅಂದ ಸಂಗಮೇಶ. "ಇದನ್ನ ಇಟಗೊಂಡು ನಾ ಹೆಂಗ ಬದುಕ್ಲಿ, ಅಜ್ಜಾರ?"

ಗುರುಗಳು ಅವನ ಗದ್ದ ಹಿಡಿದು ಮುಖವನ್ನು ದಂಡೆಯ ತೆಂಕ ಬದಿಗೆ ತಿರುಗಿಸಿದರು.

"ಇನ್ನೊಂದು ಗಳ ಇನ್ನೂ ನೀನು ನೆಟ್ಟಲ್ಲೇ, ಆ ಸುಮ್ಮನಿರುವ ನೀರಿನ ಎದುರಿಗೇ ನಿಂತಿದೆ, ತಮ್ಮಾ. ಮಕ್ಕಳು ಅದರ ಕಡೆಗೇ ಓಡ್ತಾ ಇದ್ದಾರೆ."